ರಾಜೀನಾಮೆ ಸಿಸ್ಟರ್

ರಾಜೀನಾಮೆ ಸಿಸ್ಟರ್ ಇನ್ನೂ ಕೆಲಸದಲ್ಲೇ ಇದ್ದಾರೆ. ಕೊಲ್ಕತ್ತದ ಬೈಪಾಸ್ ರಸ್ತೆಯ ಪಕ್ಕ, ಮುಕುಂದಪುರದ ಕಡೆ ಸಾಲಾಗಿ ಎದ್ದಿರುವ ಆಸ್ಪತ್ರೆಗಳಲ್ಲಿ ಯಾವುದಕ್ಕೆ ಹೊಕ್ಕರೂ ಸಿಗುತ್ತಾರೆ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲೋ ಮಂಗಳೂರಿನ ಕಂಕನಾಡಿಯಲ್ಲೋ ಸಿಕ್ಕೇ ಸಿಗುತ್ತಾರೆ, ಯಾಕೆಂದರೆ ಇವರು ಒಬ್ಬರಲ್ಲ, ದೊಡ್ಡ ಬಳಗ. ವಯಸ್ಸು ಮೂವತ್ತೆರಡರಿಂದ ಮೂವತ್ತೆಂಟು. ಓದಿದ್ದು ಬಿ.ಎಸ್ಸಿ. ನರ್ಸಿಂಗ್, ನಾಲ್ಕು ವರ್ಷ. ಮಗು ಒಂದು. ರಾಜೀನಾಮೆ ಪತ್ರ ಫೋನಿನಲ್ಲಿ ತಯಾರಾಗಿದೆ, ತಾರೀಖು ಮಾತ್ರ ಹಾಕಿಲ್ಲ.

ಕೊಲ್ಕತ್ತದ ಈ ನಮ್ಮ ಸಿಸ್ಟರು ಕರಾವಳಿಯವರು. ಅಲ್ಲಿಗೆ ಬಂದದ್ದು ಗಂಡನ ಹಿಂದೆ. ಗಂಡ ಬ್ಯಾಂಕಿನವರು. ಅವರು ಕೆಲಸಕ್ಕೆ ಸೇರಿದಾಗ ಬ್ಯಾಂಕಿನ ಹೆಸರು ಒಂದಿತ್ತು. 2019 ಮತ್ತು 2020ರ ವಿಲೀನಗಳಲ್ಲಿ ವಿಜಯ, ಕಾರ್ಪೊರೇಷನ್, ಸಿಂಡಿಕೇಟ್ ಮೂರೂ ಹೋದ ಮೇಲೆ ಹೆಸರು ಬೇರೆಯಾಯಿತು, ಊರೂ ಬೇರೆಯಾಯಿತು. ಬ್ಯಾಂಕಿನವರ ವರ್ಗಾವಣೆಗೆ ಒಂದು ಪುಟದ ಆರ್ಡರ್ ಸಾಕು. ಆದರೆ ನರ್ಸೊಬ್ಬಳು ರಾಜ್ಯ ದಾಟಬೇಕಾದರೆ ಕರ್ನಾಟಕದ ನರ್ಸಿಂಗ್ ಕೌನ್ಸಿಲ್ಲಿನ ಎನ್‌ಒಸಿ ಬೇಕು, ಪಶ್ಚಿಮ ಬಂಗಾಳದ ಕೌನ್ಸಿಲ್ಲಿನಲ್ಲಿ ಮತ್ತೆ ನೋಂದಣಿ ಬೇಕು. ಗಂಡ ಕುರ್ಚಿ ಬಿಸಿ ಮಾಡಿ ಆರು ತಿಂಗಳಾದರೂ ಹೆಂಡತಿಯ ಮಾರ್ಕ್ಸ್ ಕಾರ್ಡು ಅಂಚೆಯಲ್ಲೇ ಓಡಾಡುತ್ತಿರುತ್ತದೆ.

ಊರಿನ ಹೆಂಗಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ. ‘ನಿಂಗೆಂತ ಮಾರಾಯ್ತಿ, ಅಲ್ಲಿರೋದೆಲ್ಲ ನಮ್ಮೂರಿನವರ ಆಸ್ಪತ್ರೆಗಳೇ ಅಲ್ವಾ?’ ಎನ್ನುತ್ತಾರೆ. ಮಾತು ಪೂರ್ತಿ ಸುಳ್ಳೂ ಅಲ್ಲ. ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿ 1989ರಲ್ಲಿ ಕೊಲ್ಕತ್ತದ ಬಿ.ಎಂ. ಬಿರ್ಲಾ ಹೃದ್ರೋಗ ಕೇಂದ್ರಕ್ಕೆ ಬಂದರು, ಮದರ್ ತೆರೇಸಾಗೆ ಚಿಕಿತ್ಸೆ ಕೊಟ್ಟರು, ಆಮೇಲೆ ಮುಕುಂದಪುರದಲ್ಲಿ ರವೀಂದ್ರನಾಥ ಟ್ಯಾಗೋರರ ಹೆಸರಿನ ಹೃದಯದ ಆಸ್ಪತ್ರೆ ಎದ್ದಿತು. 2023ರಲ್ಲಿ ಮಣಿಪಾಲದವರು ಎಎಂಆರ್‌ಐ ಆಸ್ಪತ್ರೆಗಳ ಬಹುಪಾಲು ಷೇರು ಕೊಂಡರು. ಹಾಗೆಂದು ಕಾರಿಡಾರಿನಲ್ಲಿ ಯಾರೂ ‘ಎಂತ, ಊಟ ಆಯ್ತಾ’ ಎಂದು ಕೇಳುವುದಿಲ್ಲ. ರೋಗಿಗಳು ಕರೆಯುವುದು ‘ಸಿಸ್ಟರ್ ದಿದಿ’ ಎಂದು, ಹೇಳಿಕೊಳ್ಳುವುದು ‘ಗ್ಯಾಸ್’ ಎಂದು. ಎದೆನೋವಾದರೂ ಗ್ಯಾಸ್, ಬೆನ್ನುನೋವಾದರೂ ಗ್ಯಾಸ್. ಅದರಲ್ಲಿ ಯಾವ ಗ್ಯಾಸ್ ನಿಜವಾದ ಹಾರ್ಟ್ ಅಟ್ಯಾಕ್ ಎಂದು ಮುಖ ನೋಡಿ ಹೇಳುವಷ್ಟು ಸಿಸ್ಟರು ಪಳಗಿದ್ದಾರೆ.

ಪಳಗದೆ ಇರುವುದು ಲೆಕ್ಕದಲ್ಲಿ. ಮೆಡಿಕಲ್ ರೆಪ್ ಕೊಟ್ಟ ಡೈರಿಯ ಕೊನೆಯ ಪುಟಗಳಲ್ಲಿ ಎರಡು ಕಾಲಮ್ಮು: ‘ಬಿಟ್ಟರೆ’, ‘ಬಿಡದಿದ್ದರೆ’. ಈ ಬಳಗದ ಯಾರ ಡೈರಿ ತೆರೆದರೂ ಅಂಕಿಗಳು ಸ್ವಲ್ಪ ಆಚೀಚೆ ಇರಬಹುದು, ಲೆಕ್ಕದ ದಾರಿ ಮಾತ್ರ ಒಂದೇ. ಕೈಗೆ ಬರುವ ಸಂಬಳ 24,000 ಎಂದಿಟ್ಟುಕೊಳ್ಳಿ. ಮಗುವನ್ನು ನೋಡುವ ಆಯಾಗೆ ಪಾಳಿಗೆ 400. ನೈಟ್ ಡ್ಯೂಟಿಯ ವಾರ ಗಂಡ ಮನೆಯಲ್ಲಿರುತ್ತಾರಲ್ಲ, ಆಯಾ ಬೇಡ ಎಂದು ಮೊದಲು ಬರೆದದ್ದುಂಟು. ಆಮೇಲೆ ಹೊಡೆದು ಹಾಕಿದ್ದಾರೆ. ರಾತ್ರಿಯೆಲ್ಲ ನಿಂತು ಬಂದವಳು ಹಗಲು ಮಲಗಬೇಕಾದರೆ ಮಗುವನ್ನು ಹಿಡಿದುಕೊಳ್ಳಲು ಒಂದು ಜನ ಬೇಕಲ್ಲ? ಹಾಗಾಗಿ 26 ದಿನಕ್ಕೆ 10,400. ಸ್ಕೂಲ್ ವ್ಯಾನು 2,000. ಆಟೊ, ಬಸ್ಸು 1,500. ನೈಟ್ ಮುಗಿಸಿ ಬಂದು ಸೌಟು ಹಿಡಿಯಲಾಗದ ದಿನ ಹೊರಗಿಂದ ತರಿಸಿದ ಊಟ 2,500. ಉಳಿದದ್ದು 7,600.

ಗಂಡ ಕ್ಯಾಲ್ಕುಲೇಟರ್ ತೆಗೆದರು. ಬ್ಯಾಂಕಿನವರ ಕೈ ಸುಮ್ಮನೆ ಇರುವುದಿಲ್ಲ. ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 208 ಗಂಟೆ. ಭಾಗಿಸಿದರೆ ಗಂಟೆಗೆ ಮೂವತ್ತಾರೂವರೆ ರೂಪಾಯಿ.

‘ಆಯಾಗೆ ಹನ್ನೆರಡು ಗಂಟೆಗೆ ನಾನೂರು. ಅಂದ್ರೆ ಗಂಟೆಗೆ ಮೂವತ್ಮೂರು. ನಿಂಗೆ ಅವಳಿಗಿಂತ ಮೂರು ರೂಪಾಯಿ ಜಾಸ್ತಿ ಉಂಟು, ನೋಡು!’

‘ನಾಲ್ಕು ವರ್ಷ ಓದಿದ್ದಕ್ಕೆ ಮೂರು ರೂಪಾಯಿ. ವರ್ಷಕ್ಕೆ ಒಂದು ರೂಪಾಯಿಯೂ ಬೀಳ್ಲಿಲ್ಲ ನೋಡಿ’ ಎಂದರು ಸಿಸ್ಟರು. ಆ ರಾತ್ರಿ ರಾಜೀನಾಮೆ ಪತ್ರದಲ್ಲಿ ‘ವೈಯಕ್ತಿಕ ಕಾರಣ’ ಎಂಬುದನ್ನು ಅಳಿಸಿ ‘ಗಣಿತದ ಕಾರಣ’ ಎಂದು ಬರೆದು, ಮತ್ತೆ ಅಳಿಸಿದರು.

ಆಯಾ ಎಂದರೆ ಕೊಲ್ಕತ್ತದಲ್ಲಿ ಒಂದು ವ್ಯವಸ್ಥೆ. ಬಡಾವಣೆಗೊಂದು ‘ಆಯಾ ಸೆಂಟರ್’. ಹಗಲು ಪಾಳಿ, ರಾತ್ರಿ ಪಾಳಿ, ಹನ್ನೆರಡು ಗಂಟೆ ಲೆಕ್ಕ. ಮುದುಕರನ್ನು ನೋಡುವವರು, ಮಕ್ಕಳನ್ನು ನೋಡುವವರು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂರುವವರು ಎಲ್ಲ ಅಲ್ಲಿಂದಲೇ. ಇವರಲ್ಲಿ ಎಷ್ಟೋ ಮಂದಿ ದಕ್ಷಿಣ 24 ಪರಗಣದ ಹಳ್ಳಿಗಳಿಂದ ಬೆಳಗಿನ ಕ್ಯಾನಿಂಗ್ ಲೋಕಲ್ಲಿನಲ್ಲಿ ನಿಂತುಕೊಂಡು ಬರುತ್ತಾರೆ. ಹೀಗಾಗಿ ಸಿಸ್ಟರ ಡ್ಯೂಟಿ ರೋಸ್ಟರನ್ನು ಬರೆಯುವುದು ಆಸ್ಪತ್ರೆಯ ಇನ್‌ಚಾರ್ಜ್ ಎಂದು ಯಾರಾದರೂ ತಿಳಿದಿದ್ದರೆ ತಪ್ಪು. ಅದನ್ನು ನಡೆಸುವುದು ಸಿಯಾಲ್‌ದಾ ದಕ್ಷಿಣ ವಿಭಾಗದ ಸಿಗ್ನಲ್ಲುಗಳು.

ಬೆಳಿಗ್ಗೆ ಆರು ಹತ್ತಕ್ಕೆ ಫೋನು. ಸಿಸ್ಟರು ಒಂದು ಕಾಲಿಗೆ ಶೂ ಹಾಕಿಕೊಂಡು, ಒಂದು ಕೈಯಲ್ಲಿ ಮಗುವಿನ ಟಿಫಿನ್ ಡಬ್ಬಿ ಹಿಡಿದು ನಿಂತಿದ್ದಾರೆ. ಆ ಕಡೆಯಿಂದ ಗದ್ದಲ, ಹಾರ್ನು, ನಡುವೆ ಆಯಾಳ ದನಿ. ಟ್ರೇನು ನಿಂತಿದೆಯಂತೆ. ಎಲ್ಲಿ? ಗೊತ್ತಿಲ್ಲ, ಹೊಲದ ನಡುವೆ. ಎಷ್ಟು ಹೊತ್ತು? ಡ್ರೈವರಿಗೂ ಗೊತ್ತಿಲ್ಲ. ಸಿಸ್ಟರು ಬಂಗಾಳಿಯಲ್ಲಿ ಶುರುಮಾಡಿ, ಹಿಂದಿಗೆ ಜಾರಿ, ಕೊನೆಗೆ ‘ಎಂತ ಸಾವು ಮಾರಾಯ್ತಿ ಇದು!’ ಎಂದು ಅಪ್ಪಟ ಕರಾವಳಿಗೆ ಬಂದು ಮುಟ್ಟುತ್ತಾರೆ. ಆಶ್ಚರ್ಯವೆಂದರೆ ಆಯಾಗೆ ಅದು ಮಾತ್ರ ಪೂರ್ತಿ ಅರ್ಥವಾಗುತ್ತದೆ. ಅವಳದ್ದೂ ಅದೇ ಕಥೆ. ಅವಳ ಮಗುವನ್ನು ನೋಡುವ ಅವಳ ಅಮ್ಮನಿಗೆ ಎರಡು ದಿನದಿಂದ ಜ್ವರ.

ಮಹಾಲಯ ಹತ್ತಿರ ಬಂದರೆ ಇನ್ನೊಂದು ಬಾಬ್ತು: ಆಯಾಗೆ ಪೂಜೆಯ ಬೋನಸ್, ಒಂದು ತಿಂಗಳ ಸಂಬಳದಷ್ಟು, ಜೊತೆಗೆ ಸೀರೆ. ದುರ್ಗಾಪೂಜೆಯ ನಾಲ್ಕು ದಿನ ಆಯಾ ರಜೆ, ಸ್ಕೂಲು ರಜೆ, ಬ್ಯಾಂಕೂ ಬಹುತೇಕ ರಜೆ. ಆಸ್ಪತ್ರೆಗೆ ರಜೆ ಇಲ್ಲ. ಅಷ್ಟಮಿಯ ದಿನ ಯಾರಿಗೆ ಡ್ಯೂಟಿ ಎಂದು ವಾರ್ಡಿನಲ್ಲಿ ನಡೆಯುವ ವಾಗ್ಯುದ್ಧದಲ್ಲಿ ಬಂಗಾಳಿ ಸಿಸ್ಟರುಗಳು ಒಂದಾಗುತ್ತಾರೆ, ‘ನಿಮ್ಮ ಹಬ್ಬ ಅಲ್ಲವಲ್ಲ’ ಎಂಬ ಮಾತು ಕೇರಳ, ಮಣಿಪುರ, ಕರ್ನಾಟಕದವರ ಕಡೆ ತಿರುಗುತ್ತದೆ. ‘ನಮ್ಮಲ್ಲಿ ಅದಕ್ಕೆ ದಸರಾ ಅಂತಾರೆ’ ಎಂದು ಹೇಳಿ ಹೇಳಿ ಸಿಸ್ಟರಿಗೆ ಸಾಕಾಗಿದೆ.

ಅತ್ತೆಯನ್ನು ಕರೆಸಿದರೆ? ಕರೆಸಿದ್ದರು. ಅತ್ತೆ ಮೂರು ತಿಂಗಳಿಗೆಂದು ಬಂದು ಮೂರು ವಾರ ನಿಂತರು. ಮೊಮ್ಮಗುವಿನ ಮೇಲೆ ಪ್ರೀತಿ ಇಲ್ಲದೆ ಅಲ್ಲ, ಮೀನಿನ ಮೇಲೆ ಪ್ರೀತಿ ಇದ್ದದ್ದೇ ತೊಂದರೆಯಾಯಿತು. ಬಂಗುಡೆ, ಬೂತಾಯಿ ತಿಂದ ನಾಲಗೆಗೆ ರುಯಿ, ಕಾತ್ಲ ಹಿಡಿಸಲಿಲ್ಲ. ‘ಕೆರೆ ಮೀನು ಮಗಾ ಇದು, ಕೆಸರು ವಾಸನೆ’ ಎಂದರು. ಜಗತ್ಪ್ರಸಿದ್ಧ ಇಲಿಶ್ ತಂದು ಸಾಸಿವೆ ಹಾಕಿ ಕೊಟ್ಟರೆ, ಒಂದು ಗಂಟೆ ಕೂತು ಮುಳ್ಳು ಬಿಡಿಸಿ, ‘ಇದು ಮೀನಲ್ಲ, ಪೊರಕೆ’ ಎಂದು ತೀರ್ಪು ಕೊಟ್ಟು ಅಡಿಕೆ ಕೊಯ್ಲಿನ ನೆವ ಹೇಳಿ ರೈಲು ಹತ್ತಿದರು.

ಹಾಗಾದರೆ ಕೆಲಸವನ್ನೇ ಬದಲಾಯಿಸಬಹುದಲ್ಲ? ಇಲ್ಲಿ ಸಿಸ್ಟರ ಸಂಶೋಧನೆ ಪಿಎಚ್.ಡಿ.ಗೆ ಸಾಕಾಗುವಷ್ಟಿದೆ. ಮೊದಲನೆಯದು ಮೆಡಿಕಲ್ ಕೋಡಿಂಗ್. ಮನೆಯಲ್ಲೇ ಕೂತು ಅಮೆರಿಕದ ರೋಗಿಗಳ ಕಾಯಿಲೆಗೆ ಸಂಖ್ಯೆ ಹಾಕುವ ಕೆಲಸ. ಪುಸ್ತಕ ತರಿಸಿ ಓದತೊಡಗಿದರು. ಅಲ್ಲಿ ಬಾತುಕೋಳಿ ಹೊಡೆದು ಗಾಯವಾದರೆ ಅದಕ್ಕೂ ಒಂದು ಸಂಕೇತವಿದೆ: ಡಬ್ಲ್ಯು 61.62. ಹಂದಿ ಕಚ್ಚಿದರೆ ಬೇರೆಯದು. ಹುಡುಕುತ್ತ ಹೋದರೆ ಝಡ್ 73.0 ಸಿಕ್ಕಿತು. ಅದು ದುಡಿದು ದುಡಿದು ಬಸವಳಿದು ಹೋದವರ ಸಂಕೇತ. ಸಿಸ್ಟರು ಅದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಮ್ಮ ಇನಿಷಿಯಲ್ ಹಾಕಿದರು. ಆದರೆ ಹೊಸಬರಿಗೆ ಸಂಬಳ ಈಗಿನದ್ದಕ್ಕಿಂತ ಕಮ್ಮಿ; ಮೊದಲು ಕೆಲವು ತಿಂಗಳು ಆಫೀಸಿಗೇ ಹೋಗಬೇಕು; ಅಲ್ಲೂ ನೈಟ್ ಶಿಫ್ಟ್.

ಎರಡನೆಯದು ಸರ್ಕಾರಿ ಕೆಲಸ. ಕೊಲ್ಕತ್ತದಿಂದ ಐವತ್ತು ಕಿಲೋಮೀಟರ್ ಆಚೆ ಕಲ್ಯಾಣಿಯಲ್ಲಿ ಏಮ್ಸ್ ಇದೆ. ಏಳನೆಯ ವೇತನ ಆಯೋಗದ ಪ್ರಕಾರ ಅಲ್ಲಿ ನರ್ಸಿಂಗ್ ಆಫೀಸರಿಗೆ ಆರಂಭದ ಮೂಲವೇತನವೇ 44,900, ಮೇಲೆ ಭತ್ಯೆಗಳು. ಡೈರಿಯಲ್ಲಿ ಈ ಅಂಕಿಯ ಸುತ್ತ ಮೂರು ಸಲ ಪೆನ್ನು ತಿರುಗಿದೆ. ನಾರ್ಸೆಟ್ ಪರೀಕ್ಷೆ ಬರೆಯಬೇಕು, ವಯೋಮಿತಿ 30. ಮೀಸಲಾತಿಯವರಿಗೆ ಸಡಿಲಿಕೆ ಉಂಟು, ಆದರೆ ಪ್ರಸವ, ವರ್ಗಾವಣೆ, ಎನ್‌ಒಸಿ ಎಲ್ಲ ಮುಗಿಸಿ ತಲೆ ಎತ್ತುವ ಹೊತ್ತಿಗೆ ಸಿಸ್ಟರು ಅದನ್ನೂ ದಾಟಿದ್ದರು.

ಮೂರನೆಯದು ಇಂಗ್ಲೆಂಡ್. ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಗೆಂದು ಬೆಳಗಿನ ಜಾವ ಡಿಸ್ಚಾರ್ಜ್ ಪತ್ರ ಬರೆಯುವ ಅಭ್ಯಾಸವೂ ನಡೆಯಿತು. ಅಷ್ಟರಲ್ಲಿ ಅಲ್ಲಿರುವ ಬ್ಯಾಚ್‌ಮೇಟ್ ಫೋನು ಮಾಡಿದಳು. ಅವಳ ‘ಲಾಂಗ್ ಡೇ’ ಹನ್ನೆರಡು ಗಂಟೆಗೂ ಮೇಲೆ. ಮುಗಿಯುವುದು ರಾತ್ರಿ ಏಳೂವರೆಗೆ, ಮಗುವಿನ ನರ್ಸರಿ ಮುಚ್ಚುವುದು ಆರಕ್ಕೆ. ‘ಇಲ್ಲಿ ಆಯಾ ಇಡ್ಲಿಕ್ಕೆ ಹೋದ್ರೆ ಅವಳೇ ನನ್ನನ್ನು ಇಟ್ಟುಕೊಳ್ಬೇಕು’ ಎಂದಳು. ಸಿಸ್ಟರು ಒಇಟಿ ಪುಸ್ತಕವನ್ನು ಕೋಡಿಂಗ್ ಪುಸ್ತಕದ ಮೇಲಿಟ್ಟರು. ಎರಡರ ಮೇಲೂ ಈಗ ಇಸ್ತ್ರಿ ಬಟ್ಟೆ.

ಕಾನೂನು ಇಲ್ಲವೆಂದಲ್ಲ. ಸಿಸ್ಟರಿಗೆ ಕಾನೂನು ಬಾಯಿಪಾಠ. ತರಬೇತಿ ಪಡೆದ ನರ್ಸ್‌ಗಳ ಸಂಘದ ಅರ್ಜಿಯ ಮೇಲೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂಬಳ ನೋಡಲು ಸಮಿತಿ ಮಾಡಿಸಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಆ ರಾಜ್ಯದ ಸರ್ಕಾರಿ ನರ್ಸಿನಷ್ಟೇ ಸಂಬಳ, ಐವತ್ತಕ್ಕಿಂತ ಕಡಿಮೆ ಹಾಸಿಗೆಯದ್ದಾದರೂ 20,000ಕ್ಕೆ ಕಡಿಮೆ ಬೇಡ ಎಂದು ಸಮಿತಿ ಹೇಳಿತು. ಶಿಫಾರಸು ರಾಜ್ಯಗಳಿಗೆ ಹೋಯಿತು. ಅದರಲ್ಲಿ ಎಷ್ಟು ಕೈಗೆ ಬಂತು ಎಂದು ಯಾರಾದರೂ ಕೇಳಿದರೆ ಸಿಸ್ಟರು ಮಾತಾಡದೆ ಡೈರಿ ಮುಂದಿಡುತ್ತಾರೆ. ಇನ್ನೊಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ: 26 ವಾರ ರಜೆ, ಐವತ್ತು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಐಸಿಯುವಿನಿಂದ ನಾಲ್ಕು ಸಲ ಹೊರಗೆ ಹೋಗಿ ಬರುವವಳ ವೆಂಟಿಲೇಟರ್ ರೋಗಿಯನ್ನು ಯಾರು ನೋಡಿಕೊಳ್ಳಬೇಕೆಂದು ಕಾಯ್ದೆ ಹೇಳುವುದಿಲ್ಲ. ತಮಾಷೆಯೆಂದರೆ, ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಯವರ ಮಕ್ಕಳಿಗೆ ‘ಕೂಸಿನ ಮನೆ’ ತೆರೆದಿದ್ದಾರೆ. ‘ಊರಲ್ಲಿದ್ದು ಕೆರೆ ಹೂಳೆತ್ತಿದ್ರೆ ಮಗುವಿಗೊಂದು ಜಾಗವಾದ್ರೂ ಇರ್ತಿತ್ತು’ ಎನ್ನುತ್ತಾರೆ ಸಿಸ್ಟರು. ಅತ್ತೆಗೆ ಕೆರೆ ಎಂದರೆ ಆಗುವುದಿಲ್ಲ, ಅದು ಬೇರೆ ಮಾತು.

2024ರ ಆಗಸ್ಟಿನಲ್ಲಿ ಆರ್.ಜಿ. ಕರ್ ಮೆಡಿಕಲ್ ಕಾಲೇಜಿನಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯೆಯ ಅತ್ಯಾಚಾರ, ಕೊಲೆ ನಡೆದಾಗ ಮಾತ್ರ ಈ ಮನೆಯಲ್ಲಿ ಯಾರೂ ನಗಲಿಲ್ಲ. ಆಮೇಲೆ ರಾಜ್ಯ ಸರ್ಕಾರ, ಆದಷ್ಟು ಮಟ್ಟಿಗೆ ಹೆಂಗಸರಿಗೆ ರಾತ್ರಿ ಪಾಳಿ ಬೇಡ ಎಂಬ ಸಲಹೆ ಹೊರಡಿಸಿತು. ರಾತ್ರಿ ವಾರ್ಡಿನಲ್ಲಿ ಹೆಂಗಸರು ಬೇಡವಾದರೆ ಡ್ರಿಪ್ ಯಾರು ನೋಡುತ್ತಾರೆ, ಕಾವಲುಗಾರನೇ? ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಭದ್ರತೆ ಕೊಡುವುದು ಸರ್ಕಾರದ ಕೆಲಸ ಎಂದಿತು. ಆ ತಿಂಗಳು ಗಂಡ ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ನೈಟ್ ಡ್ಯೂಟಿ ದಿನ ಗೇಟಿನವರೆಗೆ ತಾವೇ ಬಿಟ್ಟುಬಂದರು, ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು.

ನಿಜವಾಗಿ ಬಿಟ್ಟುಹೋದವರೂ ಇದ್ದಾರೆ. 2020ರ ಮೇ ತಿಂಗಳಲ್ಲಿ, ಕೊರೋನಾ ನಡುವೆ, ಕೊಲ್ಕತ್ತದ ಖಾಸಗಿ ಆಸ್ಪತ್ರೆಗಳಿಂದ ಮುನ್ನೂರಕ್ಕೂ ಹೆಚ್ಚು ನರ್ಸ್‌ಗಳು ಒಂದೇ ವಾರದ ಆಚೀಚೆ ರಾಜೀನಾಮೆ ಕೊಟ್ಟು ಊರಿಗೆ ಹೊರಟರು. ಮಣಿಪುರದವರೇ 185 ಮಂದಿ. ಅವರು ಯಾರೂ ಡೈರಿಯಲ್ಲಿ ಕಾಲಮ್ ಎಳೆದಂತಿಲ್ಲ. ನಮ್ಮ ಸಿಸ್ಟರು ಅದನ್ನು ಹೇಳುವಾಗ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇರುತ್ತದೆ.

ಇವರು ಯಾಕೆ ಬಿಡುವುದಿಲ್ಲ ಎಂದು ಅಪಾರ್ಟ್‌ಮೆಂಟಿನವರನ್ನು ಕೇಳಬೇಕು. ‘ಇಷ್ಟು ಸಂಬಳಕ್ಕೆ ಯಾಕಮ್ಮಾ ಒದ್ದಾಟ, ಮನೆಯಲ್ಲಿರು’ ಎಂದು ಬೆಳಿಗ್ಗೆ ಬುದ್ಧಿ ಹೇಳಿದ ಮೂರನೆಯ ಮಹಡಿಯ ಮಾಶಿಮಾ ಸಂಜೆ ಬಿಪಿ ನೋಡಿಸಿಕೊಳ್ಳಲು ಬರುತ್ತಾರೆ. ಅವರ ಗಂಡನ ಇನ್ಸುಲಿನ್ನೂ ಇವರ ಕೈಯಲ್ಲೇ. ಎರಡು ಕಡೆ ಚುಚ್ಚಿಸಿಕೊಂಡು ಸೋತ ಕೀಮೊ ರೋಗಿಯ ಕೈ ಹಿಡಿದು, ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ, ಕಣ್ಣಿಗೆ ಕಾಣದ ನರವನ್ನು ಮುಟ್ಟಿ ಹುಡುಕಿ ಒಂದೇ ಸಲಕ್ಕೆ ಕ್ಯಾನುಲಾ ಹಾಕುವಾಗ ಸಿಸ್ಟರ ಮುಖ ನೋಡಬೇಕು. ಆಗ ರಾಜೀನಾಮೆಯ ಮಾತೇ ಇಲ್ಲ. ‘ಆಯ್ತು ದಾದಾ, ಮುಗೀತು’ ಎನ್ನುತ್ತಾರೆ, ಅವರಿಗೆ ನೋವು ಗೊತ್ತಾಗುವ ಮೊದಲೇ. ಈ ಕೈಚಳಕಕ್ಕೆ ಡೈರಿಯಲ್ಲಿ ಯಾವ ಕಾಲಮ್ಮೂ ಇಲ್ಲ. ಮೇ 12ರ ನರ್ಸ್‌ಗಳ ದಿನ ಒಂದು ಗುಲಾಬಿ, ಒಂದು ತುಂಡು ಕೇಕು ಸಿಗುತ್ತದೆ. ಅದನ್ನು ಆದಾಯ ಎಂದು ಬರೆಯಬೇಕೋ ಬೇಡವೋ ಎಂದು ಬ್ಯಾಂಕಿನವರಿಗೂ ಗೊತ್ತಿಲ್ಲ.

ಓದುಗರು ಇವರಿಗಾಗಿ ಮಾಡಬಹುದಾದ ಕೆಲಸ ಒಂದಿದೆ, ದುಡ್ಡು ಖರ್ಚಿಲ್ಲ. ಮುಂದಿನ ಸಲ ಯಾವುದಾದರೂ ದೊಡ್ಡ ಆಸ್ಪತ್ರೆಗೆ ಹೋದಾಗ, ಕ್ಯಾಂಟೀನು ಎಲ್ಲಿ, ಪಾರ್ಕಿಂಗ್ ಎಲ್ಲಿ ಎಂದು ವಿಚಾರಿಸಿದ ಮೇಲೆ, ಇಲ್ಲಿಯ ಸಿಬ್ಬಂದಿಯ ಮಕ್ಕಳ ಶಿಶುಪಾಲನಾ ಕೇಂದ್ರ ಯಾವ ಮಹಡಿಯಲ್ಲಿದೆ ಎಂದು ರಿಸೆಪ್ಷನ್ನಿನಲ್ಲಿ ಒಂದು ಮಾತು ಕೇಳಿ. ಅಲ್ಲಿ ಐವತ್ತಕ್ಕಿಂತ ಹೆಚ್ಚು ಜನ ಕೆಲಸ ಮಾಡುತ್ತಿರುವುದು ನಿಮ್ಮ ಕಣ್ಣಿಗೇ ಕಾಣುತ್ತಿರುತ್ತದೆ.