ಹಳ್ಳಿಗಳನ್ನು ಸದ್ದಿಲ್ಲದೆ ಅಳಿಸುವ ವಿಧಾನ: ಬಳಕೆದಾರರ ಕೈಪಿಡಿ

ಬೇಕಾಗುವ ಸಾಮಗ್ರಿ: 2011ರ ಜನಗಣತಿಯ ಸಂಕೇತಗಳಿರುವ ಕರ್ನಾಟಕದ ಗ್ರಾಮಗಡಿಗಳ ಶೇಪ್‌ಫೈಲ್, ಕ್ಯೂಜಿಐಎಸ್ ಹಾಕಿದ ಲ್ಯಾಪ್‌ಟಾಪ್, ಸಂಜೆಯೊಳಗೆ ರಾಸ್ಟರ್ ಬೇಕೆನ್ನುವ ಮೇಲಧಿಕಾರಿ.

ಮೊದಲು ಸಂಕೇತ. ಗ್ರಾಮದ ಆರಂಕಿಯನ್ನಷ್ಟೇ ಬಳಸೋಣ ಎಂಬ ಯೋಚನೆ ಬಂದೀತು. ಬೇಡ. ಹತ್ತು ಲಕ್ಷ ದಾಟದ ಸಂಖ್ಯೆಯನ್ನು ಫ್ಲೋಟ್32 ಕೂದಲು ಕೊಂಕದಂತೆ ಕಾಪಾಡಿಬಿಡುತ್ತದೆ, ನಮ್ಮ ಕೆಲಸ ಕೆಡುತ್ತದೆ. ರಾಜ್ಯದ ಎರಡಂಕಿ, ಜಿಲ್ಲೆಯ ಮೂರು, ತಾಲ್ಲೂಕಿನ ಐದು, ಗ್ರಾಮದ ಆರು ಎಲ್ಲವನ್ನೂ ಅಂಟಿಸಿ ಹದಿನಾರಂಕಿ ಮಾಡಿ. ನೋಡುವುದಕ್ಕೂ ಘನವಾಗಿರುತ್ತದೆ.

ಈಗ ರಾಸ್ಟರೈಸ್ ಕಿಟಕಿ ತೆರೆಯಿರಿ. ಡೇಟಾ ಟೈಪ್ ಎಂಬಲ್ಲಿ ಫ್ಲೋಟ್32 ತಾನಾಗಿಯೇ ಕೂತಿರುತ್ತದೆ. ಕೈ ಹಚ್ಚಬೇಡಿ. ಫ್ಲೋಟ್64 ಆರಿಸಿದಿರೋ, ಶ್ರಮವೆಲ್ಲ ನೀರುಪಾಲು: ಅದು ಸುಮಾರು 9,007 ಲಕ್ಷ ಕೋಟಿಯವರೆಗಿನ ಪ್ರತಿ ಪೂರ್ಣಾಂಕವನ್ನೂ ನಿಖರವಾಗಿ ಹಿಡಿಯುತ್ತದೆ; ನಮ್ಮ ಸಂಕೇತ 2,900 ಲಕ್ಷ ಕೋಟಿಯ ಆಸುಪಾಸಿನದು.

ಓಕೆ ಒತ್ತಿ. ಎಚ್ಚರಿಕೆಯೇನೂ ಬರುವುದಿಲ್ಲ. ಆದರೆ ಒಳಗೆ ಭಾರಿ ಕೆಲಸ ನಡೆದಿರುತ್ತದೆ. 32 ಬಿಟ್‌ಗಳಲ್ಲಿ ಒಂದು ಚಿಹ್ನೆಗೆ, ಎಂಟು ಘಾತಕ್ಕೆ ಹೋದರೆ ಅಂಕಿಗಳಿಗೆ ಉಳಿಯುವುದು 23; ಬರೆಯದೆಯೇ ಲೆಕ್ಕಕ್ಕೆ ಬರುವ ಒಂದು ಸೇರಿ 24. ಹಾಗಾಗಿ 1,67,77,216ರವರೆಗೆ ಎಲ್ಲ ಪೂರ್ಣಾಂಕಗಳಿಗೂ ಸೀಟಿದೆ. 1,67,77,217ಕ್ಕೆ ಇಲ್ಲ, ಅದು ಹಿಂದಿನವನ ತೊಡೆಯ ಮೇಲೆ ಕೂರಬೇಕು. ಅಲ್ಲಿಂದಾಚೆ ಸಮಸಂಖ್ಯೆಗಳಿಗೆ ಮಾತ್ರ ಜಾಗ, ಮುಂದೆ ನಾಲ್ಕರ ಗುಣಕಗಳಿಗೆ, ಆಮೇಲೆ ಎಂಟರವಕ್ಕೆ. ನಮ್ಮ ಹದಿನಾರಂಕಿಯ ಹೊತ್ತಿಗೆ ಒಂದು ಸೀಟಿಗೂ ಇನ್ನೊಂದಕ್ಕೂ 26,84,35,456ರಷ್ಟು ದೂರ.

ಪರೀಕ್ಷಿಸಬೇಕೆ? ಸುಮ್ಮನೆ ಕಟ್ಟಿದ ಸಂಕೇತವೊಂದನ್ನು ತೆಗೆದುಕೊಳ್ಳಿ: 29-572-05542-612345. ಪಿಕ್ಸೆಲ್‌ನಲ್ಲಿ ಅದು 29-572-05510-815744 ಆಗಿರುತ್ತದೆ. ಜಿಲ್ಲೆ ಉಳಿಯಿತು, ತಾಲ್ಲೂಕು ಬದಲಾಯಿತು, ಹಳ್ಳಿಯಂತೂ ಯಾವ ದಾಖಲೆಗೂ ಸಿಗದು. ಅಕ್ಕಪಕ್ಕದ ಹಳ್ಳಿಗಳದ್ದೂ ಇದೇ ಸಂಖ್ಯೆ.

(ಫ್ಲೋಟ್32 ಪಾಪದ್ದು. ಮುಳ್ಳಯ್ಯನಗಿರಿಯ ಸಾವಿರದ ಒಂಬೈನೂರು ಚಿಲ್ಲರೆ ಮೀಟರ್ ಎತ್ತರವನ್ನು ಅದರಲ್ಲಿ ಇಟ್ಟರೆ ಮಿಲಿಮೀಟರಿನ ಎಂಟನೇ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಹಿಡಿಯುತ್ತದೆ. ಅದು ಅಳತೆಗಳಿಗೆಂದು ಇರುವಂಥದ್ದು. ಗ್ರಾಮಸಂಕೇತ ಅಳತೆಯಲ್ಲ, ಅಂಕಿಯ ವೇಷ ತೊಟ್ಟ ಹೆಸರು. ಎರಡು ಹಳ್ಳಿಗಳ ಸರಾಸರಿ ತೆಗೆದವರುಂಟೆ?)

ಗ್ರಾಮಗಳಿಗೆ ಒಂದರಿಂದ ಕ್ರಮಸಂಖ್ಯೆ ಕೊಟ್ಟು ಅದನ್ನಷ್ಟೇ ರಾಸ್ಟರಿಗೆ ಹಾಕಿ, ಪೂರ್ತಿ ಸಂಕೇತವನ್ನು ಪಕ್ಕದ ಕೋಷ್ಟಕದಲ್ಲಿ ಪಠ್ಯವಾಗಿ ಇಡುವ ಜನರಿದ್ದಾರೆ. ರಾಜ್ಯದ ಹಳ್ಳಿಗಳು ಮೂವತ್ತು ಸಾವಿರದ ಒಳಗೇ ಇರುವುದರಿಂದ 65,535ರವರೆಗೆ ಹಿಡಿಯುವ ಯುಇಂಟ್16 ಸಾಕಾಗುತ್ತದೆ, ಕಡತವೂ ಅರ್ಧಕ್ಕಿಳಿಯುತ್ತದೆ. ಅಂಥವರ ಸಹವಾಸ ಈ ಕೈಪಿಡಿಗೆ ಬೇಡ.

ತೊಂದರೆ ನಿವಾರಣೆ: ಬೇರೆಬೇರೆ ಬೆಲೆಗಳನ್ನು ಎಣಿಸಿದರೆ ಇಡೀ ರಾಜ್ಯಕ್ಕೆ ಮೂವತ್ತರ ಆಸುಪಾಸು ಮಾತ್ರ ಸಿಗುತ್ತವೆ, ಜಿಲ್ಲೆಗೊಂದರಂತೆ. ಯಾರಾದರೂ ಕೇಳಿದರೆ, ಇದು ಜಿಲ್ಲಾವಾರು ನಕ್ಷೆ ಎಂದುಬಿಡಿ.