ಬೇಕಾಗಿದ್ದಾರೆ: ಜವಾಬ್ದಾರಿ ಇಲ್ಲದವರು

ಮಕ್ಕಳ ಓದಿನ ಜವಾಬ್ದಾರಿ ಹೊತ್ತವರಿಗೆ ನಮ್ಮಲ್ಲಿ ಬರವಿಲ್ಲ. ಮೇಷ್ಟ್ರಿಗೆ ಪಾಠ ಮುಗಿಸುವ ಜವಾಬ್ದಾರಿ, ಅಪ್ಪ ಅಮ್ಮನಿಗೆ ಪಕ್ಕದ ಮನೆಯ ಮಗುವಿಗಿಂತ ನಾಲ್ಕು ಅಂಕ ಹೆಚ್ಚು ತರಿಸುವ ಜವಾಬ್ದಾರಿ, ಇಲಾಖೆಗೆ ಸುತ್ತೋಲೆ ಹೊರಡಿಸುವ ಜವಾಬ್ದಾರಿ. ಇಷ್ಟೆಲ್ಲ ಹೆಗಲುಗಳಿದ್ದೂ 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಮೂರನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಸುಮಾರು 27. ಆ 27ರಲ್ಲಿ ಓದನ್ನು ಪ್ರೀತಿಸುವವರೆಷ್ಟು ಎಂದು ಕೇಳಲು ಹೋಗಬಾರದು. ಕೇಳಿದರೆ ಮಕ್ಕಳು ಪ್ರೀತಿಯನ್ನೂ ಬಾಯಿಪಾಠ ಮಾಡಿ ಒಪ್ಪಿಸಿಯಾರು. ಓದು ಕಲಿಸಲು ಜವಾಬ್ದಾರಿಯುಳ್ಳವರು ಬೇಕು, ಸರಿ. ಓದಿನ ರುಚಿ ಹತ್ತಿಸಲು ಮಾತ್ರ ಒಂದಿಷ್ಟು ಬೇಜವಾಬ್ದಾರಿಯವರೇ ಆಗಬೇಕು ಎಂಬುದು ನನ್ನ ವಾದ. ಅಂಥವರು ಯಾವ ಕಾಲೇಜಿನ ಕಟ್ಟೆಯ ಮೇಲೂ ಧಾರಾಳವಾಗಿ ಸಿಗುತ್ತಾರೆ.

ಮೇಷ್ಟ್ರನ್ನು ಹಳಿಯುತ್ತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ ಹೆಸರಿನಲ್ಲೇ ನಲಿವನ್ನು ಮುಂದಿಟ್ಟುಕೊಂಡಿತು. ಆದರೆ ಅದಕ್ಕೂ ಕಲಿಕೆಯ ಏಣಿ, ಮೈಲಿಗಲ್ಲುಗಳೆಲ್ಲ ಉಂಟು. ಕಥೆ ಮುಗಿದ ಕೂಡಲೇ ‘ಇದರ ನೀತಿ ಏನು?’ ಎಂದು ಕೇಳದಿದ್ದರೆ ಮೇಷ್ಟ್ರಿಗೆ ಸಂಬಳ ಜೀರ್ಣವಾಗುವುದಿಲ್ಲ. ಶಾಲೆಗೆ ಕಥೆ ಓದಿ ಹೇಳಲು ಬಂದ ಎರಡನೇ ವರ್ಷದ ಬಿ.ಕಾಂ. ಹುಡುಗನಿಗೆ ಆ ಚಿಂತೆ ಎಲ್ಲಿಯದು? ನರಿಗೆ ಸಿನಿಮಾ ಖಳನಾಯಕನ ದನಿ ಕೊಟ್ಟು, ಮೊಸಳೆ ಬಾಯಿ ತೆರೆಯುವ ಹೊತ್ತಿಗೆ ‘ಬಸ್ಸು ಬಂತು, ಉಳಿದದ್ದು ಮುಂದಿನ ವಾರ’ ಎಂದು ಎದ್ದು ಹೋಗಬಲ್ಲ. ಅಲ್ಲಿಯವರೆಗೆ ಕಾಯಲಾರದ ಮಗು ತಾನೇ ಪುಟ ತಿರುಗಿಸುತ್ತದೆ. ಇದಕ್ಕೆ ಬೋಧನಾ ಕ್ರಮ ಎಂದು ಹೆಸರಿಟ್ಟರೆ ಕೆಟ್ಟುಹೋಗುತ್ತದೆ, ದಯವಿಟ್ಟು ಇಡಬೇಡಿ. ಮಕ್ಕಳಿಗೆ ‘ತುತ್ತೂರಿ’ ಕೊಟ್ಟ ಜಿ.ಪಿ. ರಾಜರತ್ನಂ ಅವರೇ ಕುಡುಕ ರತ್ನನ ಪದಗಳನ್ನೂ ಬರೆದದ್ದು ಆಕಸ್ಮಿಕವಲ್ಲ ಎಂದು ನನ್ನ ಗುಮಾನಿ. ನೆಟ್ಟಗೆ ನಿಲ್ಲದ ನಾಲಿಗೆಯ ಸುಖ ಗೊತ್ತಿದ್ದವರಿಗೆ ಮಕ್ಕಳ ಕಿವಿ ಬೇಗ ಒಲಿಯುತ್ತದೆ.

‘ಆ ಹುಡುಗರೇ ಏನೂ ಓದುವುದಿಲ್ಲವಲ್ಲ!’ ಎಂಬ ತಕರಾರು ಬಂದೇ ಬರುತ್ತದೆ. ನಿಜ. ಪರೀಕ್ಷೆಯ ಹಿಂದಿನ ರಾತ್ರಿ ಗೈಡು, ಉಳಿದ ರಾತ್ರಿಗಳಲ್ಲಿ ರೀಲ್ಸು. ಆದರೆ ಏಳು ವರ್ಷದ ಮಗು ಯಾರನ್ನೂ ‘ಈಚೆಗೆ ಏನು ಓದಿದಿರಿ?’ ಎಂದು ವಿಚಾರಿಸುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಬೆಳೆದ ಅಕ್ಕ ‘ಭಲ್ಲೂಕ’ವನ್ನು ‘ಬಲ್ಲೂಕ’ ಮಾಡಿ, ‘ರಾಷ್ಟ್ರ’ದ ಒತ್ತಕ್ಷರಗಳ ಮುಂದೆ ತಡವರಿಸಿ ನಿಂತಾಗ ಮೂರನೇ ತರಗತಿಯ ಪೋರಿ ಎದ್ದು ತಿದ್ದುತ್ತಾಳೆ. ದೊಡ್ಡವರನ್ನು ತಿದ್ದುವ ಭಾಗ್ಯ ಅವಳಿಗೆ ಬೇರೆಲ್ಲಿ ಸಿಗಬೇಕು? ಇನ್ನೊಂದು ತಪ್ಪು ಹಿಡಿಯುವ ಆಸೆಗೆ ಮುಂದಿನ ಸಾಲಿನ ಮೇಲೆ ಕಣ್ಣಿಟ್ಟು ಕೂರುತ್ತಾಳೆ, ಅಂದರೆ ಓದುತ್ತಾ ಕೂರುತ್ತಾಳೆ. ತಪ್ಪಿಲ್ಲದೆ ಓದುವ ಮೇಷ್ಟ್ರಿಂದ ಈ ಉಪಕಾರವಾಗದು. ಇನ್ನು, ಪ್ರಮಾಣಪತ್ರದ ಆಸೆಗೆ ಬರುತ್ತಾರೆ ಎನ್ನುವಿರಾ? ಬರಲಿ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ತನ್ನ ವಿದ್ಯಾರ್ಥಿ ಸ್ವಯಂಸೇವಕರಿಂದ ವರ್ಷಕ್ಕೆ 120 ಗಂಟೆಯ ಸೇವೆ ಕೇಳುತ್ತದೆ. ಅದರಲ್ಲಿ ಪಾರ್ಥೇನಿಯಂ ಕೀಳುವುದಕ್ಕೇ ಎಷ್ಟೋ ಗಂಟೆ ಹೋಗುತ್ತದೆ, ಮರುಮಳೆಗೆ ಅದು ಮತ್ತೆ ನಗುತ್ತಾ ನಿಂತಿರುತ್ತದೆ.

‘ಏಳು ದಿನ ಇದ್ದು ಹೋಗಿಬಿಡುತ್ತಾರೆ’ ಎಂಬ ಮಾತಿನಲ್ಲಿ ಮಾತ್ರ ಹುರುಳಿದೆ. ಎನ್‌ಎಸ್‌ಎಸ್ ವಿಶೇಷ ಶಿಬಿರ ಏಳೇ ದಿನದ್ದು. ಶ್ರಮದಾನ, ಜಾಥಾ, ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ ಎನ್ನುವಷ್ಟರಲ್ಲಿ ಸಮಾರೋಪ. ಮೊಸಳೆಯ ಬಾಯಿ ತೆರೆದಿಟ್ಟು ಹೋದವನು ಮರಳಿ ಬಾರದಿದ್ದರೆ ಮಗುವಿಗೆ ಪುಸ್ತಕದ ಮೇಲೇ ಮುನಿಸು ಬಂದೀತು. ಆದ್ದರಿಂದ ಓದಿಸುವ ಕೆಲಸವನ್ನು ಶಿಬಿರಕ್ಕೆ ತುರುಕದೆ, ಕಾಲೇಜಿಗೆ ಹತ್ತಿರದ ಶಾಲೆಯಲ್ಲಿ ವಾರಕ್ಕೊಂದು ಗಂಟೆಯಂತೆ ಹಂಚುವುದು ಮೇಲು. ವರ್ಷಕ್ಕೆ ಮೂವತ್ತು ವಾರ ಸಿಕ್ಕಿದರೂ 120ರಲ್ಲಿ ಕಾಲುಭಾಗ ಖರ್ಚು. ಪಾರ್ಥೇನಿಯಂಗೆ 90 ಗಂಟೆ ಉಳಿಯಿತು.

ಪುಸ್ತಕಕ್ಕೂ ಕೊರತೆಯಿಲ್ಲ. 2015ರಲ್ಲಿ ಪ್ರಥಮ್ ಬುಕ್ಸ್ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ. ಶಾಲೆಯಲ್ಲೂ ಪುಸ್ತಕಗಳಿರುತ್ತವೆ, ಎಷ್ಟೋ ಕಡೆ ಮುಖ್ಯ ಶಿಕ್ಷಕರ ಕೊಠಡಿಯ ಬೀರುವಿನಲ್ಲಿ, ಬೀಗದೊಳಗೆ. ಬೀಗ ಹಾಕಿದವರಿಗೆ ಮಕ್ಕಳ ಮೇಲೆ ದ್ವೇಷವೇನಿಲ್ಲ, ಸ್ಟಾಕ್ ರಿಜಿಸ್ಟರಿನ ಭಯ: ಚಾರ್ಜ್ ಬಿಟ್ಟುಕೊಡುವಾಗ ಒಂದು ಪುಸ್ತಕ ಕಡಿಮೆ ಬಂದರೆ ಉತ್ತರ ಹೇಳಬೇಕಲ್ಲ. ಗೆದ್ದಲು ತಿಂದದ್ದಾದರೆ ಚಿಂತೆಯಿಲ್ಲ, ಗೆದ್ದಲಿಗೆ ಯಾರೂ ನೋಟಿಸ್ ಕೊಡುವುದಿಲ್ಲ. ಕಾಲೇಜು ವಿದ್ಯಾರ್ಥಿಗಳ ಕೈಗೆ ಕೀಲಿಕೈ ಕೊಡುವ ಮುನ್ನ ಇಲಾಖೆ ಆ ರಿಜಿಸ್ಟರಿನಲ್ಲಿ ‘ಮಕ್ಕಳು ಓದಿ ಹರಿದದ್ದು’ ಎಂಬ ಹೊಸ ಕಾಲಂ ಹಾಕಿಸಲಿ. ಅದು ತುಂಬಿದ ಶಾಲೆಗೆ ಮರುವರ್ಷ ಹೊಸ ಪುಸ್ತಕ ಕಳಿಸಲಿ, ಖಾಲಿ ಬಿಟ್ಟ ಶಾಲೆಯಿಂದ ವಿವರಣೆ ಕೇಳಲಿ.