ಮೂಲಪ್ರತಿ ನಿಮ್ಮ ಕೈಯಲ್ಲೇ ಇರಲಿ, ಮೇಷ್ಟ್ರೇ

ಮೇಷ್ಟ್ರೇ, ಒಂದು ನಿಮಿಷ ಬೇಲಿ ಹತ್ತಿರ ಬನ್ನಿ. ನಿಮ್ಮ ಮೊಮ್ಮಗಳು ಸಿಕ್ಕಿದ್ದಳು. ತಾತ ತಮ್ಮ ಹಳಗನ್ನಡದ ಲೇಖನಗಳನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಬೇಕು ಅಂತ ಕೂತಿದ್ದಾರೆ, ಯಾವ ತಾಣದಲ್ಲಿ ಖಾತೆ ತೆಗೆದರೆ ಒಳ್ಳೆಯದು ಅಂತ ಕೇಳುತ್ತಿದ್ದಾರೆ ಅಂದಳು. ಕೇಳಿ ಬಹಳ ಸಂತೋಷವಾಯಿತು. ಆದರೆ ಖಾತೆಯ ಮಾತು ಆಮೇಲೆ. ಮೊದಲು ಹೇಳಿ, ಲೇಖನಗಳು ಈಗ ಎಲ್ಲಿವೆ? ಯಾವ ರೂಪದಲ್ಲಿವೆ?

ಡಿಟಿಪಿ ಅಂಗಡಿಯವರು ಕೊಟ್ಟ ಸಿಡಿಯಲ್ಲಾ? ಹಾಗಾದರೆ ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪೇಜ್‌ಮೇಕರ್ ಫೈಲುಗಳೇ ಇರಬೇಕು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಿ, ಕನ್ನಡದ ಒಂದಕ್ಷರವೂ ಕಾಣುವುದಿಲ್ಲ. ಇಂಗ್ಲಿಷಿನ ಅಕ್ಷರಗಳು, ಅವುಗಳ ತಲೆಯ ಮೇಲೆ ಫ್ರೆಂಚರು ಹಾಕುವಂಥ ಗೆರೆ, ಟೋಪಿ, ಜೋಡಿ ಚುಕ್ಕೆ. ಫೈಲು ಕೆಟ್ಟುಹೋಯಿತು ಅಂತ ಎಷ್ಟೋ ಜನ ಗಾಬರಿಯಾಗಿದ್ದಾರೆ. ಕೆಟ್ಟಿರುವುದಿಲ್ಲ. ಅದರೊಳಗೆ ಮೊದಲಿನಿಂದ ಇದ್ದದ್ದೇ ಅದು. ಆಗಿನ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಅಂತ ಜಾಗವೇ ಇರಲಿಲ್ಲವಲ್ಲ, ಫಾಂಟ್ ಮಾಡಿದವರು ಯುರೋಪಿನ ಅಕ್ಷರಗಳ ಜಾಗದಲ್ಲಿ ನಮ್ಮ ಅಕ್ಷರದ ತುಂಡುಗಳ ಚಿತ್ರ ಕೂರಿಸಿದರು. ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ನೋಡುವ ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕಕ್ಕೆ ಮಾತ್ರ ಲ್ಯಾಟಿನ್. ಅದೂ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಲೆಕ್ಕ. ನುಡಿಯದು ಒಂದು, ಶ್ರೀಲಿಪಿಯದು ಇನ್ನೊಂದು, ಆಕೃತಿಯದು ಮತ್ತೊಂದು.

ಅಯ್ಯೋ, ಆ ಕೆಲಸವನ್ನು ನಾನು ಹಗುರ ಮಾಡುತ್ತಿಲ್ಲ. ‘ಬರಹ’ ತಂತ್ರಾಂಶ ಮಾಡಿದ ಶೇಷಾದ್ರಿವಾಸು, ನುಡಿಯನ್ನು ತಂದ ಕನ್ನಡ ಗಣಕ ಪರಿಷತ್ತು, ಇಂಗ್ಲಿಷ್ ಕೀಲಿಮಣೆಯಲ್ಲೇ ಸರಾಗವಾಗಿ ಕನ್ನಡ ಹೊಡೆಯುವ ವಿನ್ಯಾಸ ರೂಪಿಸಿದ ಕೆ.ಪಿ. ರಾವ್, ಇವರೆಲ್ಲ ಇಲ್ಲದಿದ್ದರೆ ನಿಮ್ಮ ಲೇಖನ ಕಂಪ್ಯೂಟರಿನ ಮುಖವನ್ನೇ ನೋಡುತ್ತಿರಲಿಲ್ಲ. ನುಡಿಯ ಹೊಸ ಆವೃತ್ತಿಯಲ್ಲಿ ಯೂನಿಕೋಡೂ ಇದೆ. ಆದರೆ ಆ ಕಾಲದಲ್ಲಿ ಹೊಡೆಸಿದ ಸಾವಿರಾರು ಪುಟಗಳು, ಕಥೆ, ಸ್ಮರಣಸಂಚಿಕೆ, ಊರಿನ ಇತಿಹಾಸ ಎಲ್ಲ ಆ ಲೆಕ್ಕದಲ್ಲೇ ಸಿಕ್ಕಿಕೊಂಡಿವೆ. ಹುಡುಕಿದರೆ ಸಿಗುವುದಿಲ್ಲ, ಗೂಗಲ್ಲಿಗೆ ಕಾಣುವುದಿಲ್ಲ. ಇದು ನನಗೆ ನಿಜವಾಗಿಯೂ ಹೊಟ್ಟೆಯುರಿಯುವ ವಿಷಯ ಮೇಷ್ಟ್ರೇ. ಒಂದು ತಲೆಮಾರಿನ ಬರವಣಿಗೆ ಮಾಡಿಟ್ಟದ್ದೂ ಹೌದು, ಕಾಣದೆ ಹೋದದ್ದೂ ಹೌದು.

ಅದಕ್ಕೇ ಹೇಳುವುದು, ನಿಮ್ಮ ಬರಹವನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಇಡಿ. ಅದರಿಂದಲೇ ಪ್ರಕಟಿಸಿ.

ಟೆಕ್ಸ್ಟ್ ಫೈಲು ಅಂದರೆ ಅಕ್ಷರ ಬಿಟ್ಟು ಬೇರೇನೂ ಇಲ್ಲದ ಫೈಲು. ಫಾಂಟಿಲ್ಲ, ಬಣ್ಣವಿಲ್ಲ, ಅಂಚಿನ ಅಳತೆಯಿಲ್ಲ. ಒಂದಾದ ಮೇಲೊಂದು ಅಕ್ಷರ, ಸಾಲು ಮುಗಿದಲ್ಲಿ ಒಂದು ಗುರುತು, ಅಷ್ಟೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಹಾರ್ಟ್ ಎಂಬ ಯುವಕ 1971ರ ಜುಲೈ 4ರಂದು ಅವರ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿನಲ್ಲಿ ಕೂತು ಬೆರಳಚ್ಚಿಸಿದ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಅಂತ ದೊಡ್ಡ ಪುಸ್ತಕ ಭಂಡಾರ ಶುರುವಾದದ್ದು ಹಾಗೆ. ಆ ಕಂಪ್ಯೂಟರುಗಳೆಲ್ಲ ಗುಜರಿ ಸೇರಿದವು. ಆ ಪಠ್ಯ ಮಾತ್ರ ಇವತ್ತಿಗೂ ನಿಮ್ಮ ಮೊಮ್ಮಗಳ ಫೋನಿನಲ್ಲಿ ತೆರೆಯುತ್ತದೆ. ಸಾದಾ ಅಕ್ಷರ ಬಿಟ್ಟು ಅದರಲ್ಲಿ ಬೇರೇನೂ ಇರಲಿಲ್ಲ, ಅದಕ್ಕೇ ಉಳಿಯಿತು.

ಏನಂದಿರಿ? ಅದು ಇಂಗ್ಲಿಷು, ನಮ್ಮದಕ್ಕೆ ಆಗುತ್ತದಾ ಅಂತಲಾ? ಒಳ್ಳೆಯ ಪ್ರಶ್ನೆ. ಎಷ್ಟೋ ವರ್ಷ ಆಗುತ್ತಿರಲಿಲ್ಲ, ಈಗ ಆಗುತ್ತದೆ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿಗೆ ಯೂನಿಕೋಡ್ ಅನ್ನುತ್ತಾರೆ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ತೆಗೆದಿಟ್ಟಿದ್ದರು. ಆ ಸಂಖ್ಯೆಗಳನ್ನು ಫೈಲಿನಲ್ಲಿ ಹೇಗೆ ಬರೆದಿಡುವುದು ಅನ್ನುವುದಕ್ಕೆ ಬೇರೆ ದಾರಿ ಬೇಕಿತ್ತು. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಆ ದಾರಿಯನ್ನು ಗೀಚಿದರು. ಯುಟಿಎಫ್-8 ಅಂತ ಅದರ ಹೆಸರು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು. ‘ಕನ್ನಡ’ ಅಂತ ಬರೆದರೆ ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ, ಒಟ್ಟು ಐದು ಸಂಕೇತ, ಹದಿನೈದು ಬೈಟ್. ಮೂರು ಪಟ್ಟು ಅಂತ ಬೇಸರಪಡಬೇಡಿ. ಇನ್ನೂರು ಪುಟದ ಪುಸ್ತಕವನ್ನು ಪೂರ್ತಿ ಹೊಡೆದರೂ ಅದು ಮೊಮ್ಮಗಳು ಫೋನಿನಲ್ಲಿ ತೆಗೆಯುವ ಒಂದು ಫೋಟೋಕ್ಕಿಂತ ಚಿಕ್ಕದೇ ಇರುತ್ತದೆ.

ನಿಮ್ಮ ಹಳಗನ್ನಡದ ೞ, ಱ ಎರಡಕ್ಕೂ ಯೂನಿಕೋಡಿನಲ್ಲಿ ಜಾಗವಿದೆ, ಚಿಂತೆ ಬೇಡ. ಒಂದು ಸ್ವಾರಸ್ಯ ಹೇಳಲೇಬೇಕು. ೞ ಅಕ್ಷರಕ್ಕೆ ಯೂನಿಕೋಡಿನ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಅಂತ ಹೆಸರು ಬಿದ್ದುಬಿಟ್ಟಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಅನ್ನುವುದು ಅವರ ಕಟ್ಟುನಿಟ್ಟಿನ ನಿಯಮ, ಆದ್ದರಿಂದ ಸರಿಯಾದದ್ದನ್ನು ಇನ್ನೊಂದು ಹೆಸರಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಅಕ್ಷರಕ್ಕೇನೂ ತೊಂದರೆಯಿಲ್ಲ, ಸರಿಯಾಗಿ ಮೂಡುತ್ತದೆ.

ಈಗ ಕೆಲಸಕ್ಕೆ ಬರೋಣ. ನೋಟ್‌ಪ್ಯಾಡ್ ತೆರೆಯಿರಿ. ಮೊದಲ ಸಾಲಿನಲ್ಲಿ ಲೇಖನದ ಹೆಸರು, ಎರಡನೆಯದರಲ್ಲಿ ತಾರೀಕು, ಒಂದು ಖಾಲಿ ಸಾಲು, ಅಲ್ಲಿಂದ ಲೇಖನ. ಪ್ಯಾರಾ ಮುಗಿದಾಗ ಮತ್ತೊಂದು ಖಾಲಿ ಸಾಲು. ಉಳಿಸುವಾಗ ಎನ್‌ಕೋಡಿಂಗ್ ಅಂತ ಕೇಳುವ ಜಾಗದಲ್ಲಿ ಯುಟಿಎಫ್-8 ಇದೆಯಾ ನೋಡಿಕೊಳ್ಳಿ. 2019ರ ಸುಮಾರಿನಿಂದ ವಿಂಡೋಸ್ 10ರ ನೋಟ್‌ಪ್ಯಾಡಿನಲ್ಲಿ ಅದು ತಾನಾಗಿಯೇ ಇರುತ್ತದೆ. ಅದಕ್ಕಿಂತ ಹಳೆಯದರಲ್ಲಿ ಆನ್ಸಿ ಅಂತ ಇರುತ್ತಿತ್ತು. ಅದು ಕೊಡುವ ಎಚ್ಚರಿಕೆಯನ್ನು ಓದದೆ ಸರಿ ಅಂತ ಒತ್ತಿದರೆ ಇಡೀ ಲೇಖನ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಯಾಗಿ ನಿಲ್ಲುತ್ತಿತ್ತು. ಆಮೇಲೆ ಅದನ್ನು ಯಾರೂ ವಾಪಸು ತರಲಾರರು.

ಉಪಶೀರ್ಷಿಕೆ ಬೇಕೆಂದರೆ ಸಾಲಿನ ಮೊದಲಿಗೆ # ಹಾಕಿ. ಒಂದು ಪದಕ್ಕೆ ಒತ್ತು ಕೊಡಬೇಕೆಂದರೆ ಅದರ ಎರಡೂ ಕಡೆ * ಹಾಕಿ. ಇದಕ್ಕೆ ಮಾರ್ಕ್‌ಡೌನ್ ಅನ್ನುತ್ತಾರೆ. ಜಾನ್ ಗ್ರೂಬರ್ 2004ರಲ್ಲಿ ಇದನ್ನು ಹೊರತಂದ, ಆರನ್ ಸ್ವಾರ್ಟ್ಜ್ ಜೊತೆಗೂಡಿ ಯೋಚಿಸಿದ. ಜನ ಇಮೇಲಿನಲ್ಲಿ ಮೊದಲೇ ಬಳಸುತ್ತಿದ್ದ ಗುರುತುಗಳನ್ನೇ ಅವರು ಹೆಚ್ಚಾಗಿ ಎತ್ತಿಕೊಂಡರು. ಯಾವ ತಂತ್ರಾಂಶವೂ ಇಲ್ಲದೆ ಬರೀ ಕಣ್ಣಿನಿಂದ ಓದಿದರೂ ಲೇಖನ ಲೇಖನದ ಹಾಗೇ ಇರುತ್ತದೆ, ನನಗೆ ಇಷ್ಟವಾಗುವುದು ಅದು.

ಹೀಗೆ ಒಂದೊಂದು ಲೇಖನಕ್ಕೆ ಒಂದೊಂದು ಫೈಲು ಮಾಡಿ ಒಂದೇ ಫೋಲ್ಡರಿನಲ್ಲಿ ಇಟ್ಟುಬಿಟ್ಟರೆ ಬರೆಯುವವರ ಕೆಲಸ ಮುಗಿಯಿತು. ಆ ಫೋಲ್ಡರನ್ನು ಓದಿ ಪ್ರತಿಯೊಂದಕ್ಕೂ ಒಂದು ಪುಟ, ಎಲ್ಲಕ್ಕೂ ಸೇರಿ ಒಂದು ಪರಿವಿಡಿ ಮಾಡಿಕೊಡುವ ಪುಟ್ಟ ತಂತ್ರಾಂಶಗಳಿವೆ. ಮೊದಲು ರೇಲ್ ಡೋರ್ನ್‌ಫೆಸ್ಟ್ ಬರೆದ ಬ್ಲಾಸಮ್ ಅಂತ ಒಂದಿತ್ತು, ಪರ್ಲ್ ಭಾಷೆಯ ಒಂದೇ ಒಂದು ಸ್ಕ್ರಿಪ್ಟು. ಫೈಲಿನ ಮೊದಲ ಸಾಲೇ ಶೀರ್ಷಿಕೆ, ಫೋಲ್ಡರಿನ ಹೆಸರೇ ವಿಭಾಗ, ಫೈಲು ಉಳಿಸಿದ ದಿನವೇ ಪ್ರಕಟಣೆಯ ದಿನ. ಎಷ್ಟು ಸರಳ ನೋಡಿ. ಆದರೆ ಆ ಕೊನೆಯದರಲ್ಲಿ ಒಂದು ತೊಡಕಿತ್ತು. ಹಳೆಯ ಲೇಖನದಲ್ಲಿ ಒಂದು ಕಾಗುಣಿತ ತಿದ್ದಿ ಉಳಿಸಿದರೂ ಸಾಕು, ಅದು ಇವತ್ತಿನದಾಗಿ ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತಿತ್ತು. ತಾರೀಕನ್ನು ಫೈಲಿನ ಒಳಗೇ ಬರೆಯಿರಿ ಅಂದದ್ದು ಅದಕ್ಕೇ. ಆಮೇಲೆ 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಮಾಡಿದ ಜೆಕಿಲ್ ಬಂತು, 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಮಾಡಿದ ಹ್ಯೂಗೋ. ನಿಮಗೆ ಯಾವುದಾದರೂ ಆದೀತು. ನಾನು ಹ್ಯೂಗೋ ಹಾಕಿಕೊಡುತ್ತೇನೆ, ಅನುಸ್ಥಾಪನೆಗೆ ಹೆಚ್ಚು ಗೋಜಿಲ್ಲ. ನೀವು ಬರೆದ ಹೆಸರು, ತಾರೀಕಿನ ಸಾಲುಗಳನ್ನು ಅದು ಓದುವ ರೂಪಕ್ಕೆ ನಾನೇ ತಿರುಗಿಸುತ್ತೇನೆ. ಅದು ಮಾಡಿಕೊಡುವ ಪುಟಗಳನ್ನು ಯಾವ ಸರ್ವರಿನಲ್ಲಿ ಇಟ್ಟರೂ ನಡೆಯುತ್ತದೆ. ಡೇಟಾಬೇಸ್ ಬೇಡ, ಪಾಸ್‌ವರ್ಡ್ ಕದ್ದು ಒಳಗೆ ನುಗ್ಗುವುದಕ್ಕೆ ಲಾಗಿನ್ ಪುಟವೇ ಇರುವುದಿಲ್ಲ.

ಇಲ್ಲ ಇಲ್ಲ, ದೊಡ್ಡ ಕಂಪನಿಯ ತಾಣಗಳು ಬೇಡವೇ ಬೇಡ ಅಂತ ನನ್ನ ಹಟವಲ್ಲ. ಅಲ್ಲೂ ಒಂದು ಪ್ರತಿ ಹಾಕಿ, ಓದುಗರು ಅಲ್ಲಿದ್ದಾರೆ. ಆದರೆ ಅಲ್ಲಿಯದು ಪ್ರತಿಯಾಗಿರಬೇಕು, ಮೂಲವಾಗಬಾರದು. ಯಾಹೂ ಕಂಪನಿ ಜಿಯೋಸಿಟೀಸ್ ಅಂತ ಒಂದು ತಾಣವನ್ನು ನಡೆಸುತ್ತಿತ್ತು, ಜಗತ್ತಿನ ಎಷ್ಟೋ ಜನ ತಮ್ಮ ಮೊದಲ ಪುಟ ಬರೆದದ್ದು ಅಲ್ಲಿ. 2009ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಿದರು. ಸ್ವಯಂಸೇವಕರು ಹಗಲುರಾತ್ರಿ ಕೂತು ಕೈಗೆ ಸಿಕ್ಕಷ್ಟನ್ನು ಉಳಿಸಿದರು, ಮಿಕ್ಕದ್ದು ಹೋಯಿತು. ನನ್ನ ಸ್ನೇಹಿತರೊಬ್ಬರು ಅಮ್ಮನಿಂದ ಕೇಳಿ ಬರೆದುಕೊಂಡ ಹಸೆ ಹಾಡುಗಳನ್ನೆಲ್ಲ ಇನ್ನೊಂದು ತಾಣದಲ್ಲಿ ನೇರವಾಗಿ ಬೆರಳಚ್ಚಿಸಿದ್ದರು, ಬೇರೆಲ್ಲೂ ಇಟ್ಟುಕೊಂಡಿರಲಿಲ್ಲ. ಆ ತಾಣ ನಿಂತಾಗ ಅಮ್ಮ ಇರಲಿಲ್ಲ. ಆ ಹಾಡುಗಳನ್ನು ಇನ್ನು ಯಾರನ್ನು ಕೇಳುವುದು ಹೇಳಿ. ಫೈಲು ನಿಮ್ಮ ಕೈಯಲ್ಲಿದ್ದರೆ ತಾಣ ಮುಚ್ಚಿದರೆ ಮುಚ್ಚಲಿ, ಅದೇ ಫೋಲ್ಡರಿನಿಂದ ಸಾಯಂಕಾಲದೊಳಗೆ ಬೇರೆ ಕಡೆ ಹಾಕಬಹುದು. ಪೆನ್‌ಡ್ರೈವಿನಲ್ಲಿ ಒಂದು, ಮಗನ ಮನೆಯಲ್ಲಿ ಒಂದು ಪ್ರತಿ ಇರಲಿ.

ಕನ್ನಡದವರು ನೋಡಿಕೊಳ್ಳಬೇಕಾದ್ದು ಇನ್ನೂ ಒಂದೆರಡಿವೆ. ಲೇಖನದ ಹೆಸರು ಕನ್ನಡದಲ್ಲೇ ಇರಲಿ, ಆದರೆ ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡಿ. ಯಾಕೆ ಅಂತೀರಾ? ಆ ಹೆಸರೇ ಪುಟದ ವಿಳಾಸವಾಗುತ್ತದೆ. ಅದರೊಳಗಿನ ಕನ್ನಡವನ್ನು ನಕಲು ಮಾಡಿ ವಾಟ್ಸ್ಆ್ಯಪಿನಲ್ಲಿ ಕಳಿಸಲು ಹೋದರೆ ಎಷ್ಟೋ ಸಲ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆಗಳಿರುವ ಒಂಬತ್ತು ಅಕ್ಷರಗಳಾಗಿ ಒಡೆಯುತ್ತದೆ. ‘ಕನ್ನಡ’ ಅನ್ನುವ ಒಂದೇ ಪದ ನಲವತ್ತೈದು ಅಕ್ಷರದ ಬಾಲ ಆಗುತ್ತದೆ. ಹೆಸರಿನ ಮುಂದೆ ವರ್ಷ, ತಿಂಗಳು, ದಿನ, ಇದೇ ಕ್ರಮದಲ್ಲಿ 2025-03-09 ಅಂತ ಹಾಕಿದರೆ ಫೋಲ್ಡರಿನಲ್ಲಿ ಲೇಖನಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನ ಮೊದಲು ಬರೆಯುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು.

ಇನ್ನೊಂದು ಪುಟದ ರೂಪ. ಸಿದ್ಧವಾಗಿ ಸಿಗುವ ವಿನ್ಯಾಸಗಳೆಲ್ಲ ಇಂಗ್ಲಿಷಿನ ಅಳತೆಗೆ ಮಾಡಿದವು, ಸಾಲುಗಳ ನಡುವೆ ಜಾಗ ಕಡಿಮೆ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದಲ್ಲ, ‘ಸ್ತ್ರೀ’, ‘ರಾಷ್ಟ್ರ’ ಅನ್ನುವ ಪದ ಬಂದರೆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರಕ್ಕಿಂತ ಮುಕ್ಕಾಲು ಪಾಲು ಹೆಚ್ಚಿಗೆ ಇಟ್ಟರೆ ಕಣ್ಣಿಗೆ ಹಿತ. ನೋಟೊ ಸೆರಿಫ್ ಕನ್ನಡ ಅನ್ನುವ ಮುಕ್ತ ಫಾಂಟ್ ಇದೆ, ಉದ್ದ ಲೇಖನಕ್ಕೆ ಚೆನ್ನ. ಪುಟದ ತಲೆಯಲ್ಲಿ ಇದು ಯುಟಿಎಫ್-8, ಇದರ ಭಾಷೆ ಕನ್ನಡ ಅಂತ ಎರಡು ಘೋಷಣೆ ಇರಲೇಬೇಕು, ಅದನ್ನು ನಾನು ಸೇರಿಸುತ್ತೇನೆ.

ಹುಡುಕಾಟದ ವಿಷಯವನ್ನು ಮರೆತೇಬಿಡುತ್ತಿದ್ದೆ. ಎಲ್ಲ ಲೇಖನ ಟೆಕ್ಸ್ಟ್ ಆಗಿದ್ದರೆ ‘ಪಂಪ’ ಅಂತ ಹೊಡೆದ ಕ್ಷಣಕ್ಕೆ ಅವನ ಹೆಸರು ಬಂದ ಪ್ರತಿ ಸಾಲೂ ಮುಂದೆ ಬರುತ್ತದೆ. ನೀವು ಪದಸೂಚಿ ಮಾಡಲು ಬೇಸಿಗೆ ರಜವೆಲ್ಲ ಚೀಟಿ ಬರೆದದ್ದು ನನಗೆ ನೆನಪಿದೆ. ಆದರೆ ‘ರಾಜ್‌ಕುಮಾರ್’ ಅಂತ ಬರೆಯುವಾಗ ಜ ಮತ್ತು ಕ ಒತ್ತಕ್ಷರವಾಗಿ ಕೂಡಿಕೊಳ್ಳದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಒಂದು ಕಡೆ ಅದು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಯಂತ್ರಕ್ಕೆ ಅವು ಎರಡು ಬೇರೆ ಪದಗಳು. ನಿಮ್ಮ ಲೇಖನಗಳಲ್ಲಿ ಇಂಥವು ಕಡಿಮೆ, ಆದರೂ ಅನ್ಯದೇಶ್ಯ ಪದ ಬಂದಾಗ ಗಮನವಿರಲಿ.

ಹಾಗಾದರೆ ಸಿಡಿಯಲ್ಲಿರುವುದನ್ನು ಏನು ಮಾಡುವುದು ಅಂತೀರಿ. ಮತ್ತೆ ಕೂತು ಬೆರಳಚ್ಚಿಸಬೇಕಾಗಿಲ್ಲ. ನುಡಿಯ ಹಳೆಯ ಲೆಕ್ಕದಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪೇಜ್‌ಮೇಕರಿನಿಂದ ಪಠ್ಯವನ್ನು ಹೊರತೆಗೆಯುವುದಕ್ಕೆ ಮಾತ್ರ ಪೇಟೆಯ ಯಾವುದಾದರೂ ಡಿಟಿಪಿ ಅಂಗಡಿಗೆ ಹೋಗಬೇಕು, ಕೆಲವರ ಹತ್ತಿರ ಇನ್ನೂ ಆ ತಂತ್ರಾಂಶ ಇದ್ದೀತು. ತಡ ಮಾಡುವುದು ಬೇಡ, ಸಿಡಿ ಓದುವ ಡ್ರೈವು ಈಗಿನ ಲ್ಯಾಪ್‌ಟಾಪುಗಳಲ್ಲಿ ಬರುವುದೇ ನಿಂತಿದೆ.

ಪರಿವರ್ತಕದ ಮೇಲೆ ಪೂರ್ತಿ ಭಾರ ಹಾಕುವ ಹಾಗಿಲ್ಲ. ಹಳೆಯ ಫಾಂಟಿನ ಫೈಲಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ಕೂತಿರುತ್ತವೆ, ‘ಸೂರ್ಯ’ ಅಂದರೆ ಮೊದಲು ಯ, ಅದರ ಪಕ್ಕಕ್ಕೆ ಅರ್ಕಾವತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಮೊದಲು ರ, ಆಮೇಲೆ ಯ. ಈ ಹಿಂದುಮುಂದು ಮಾಡುವಾಗಲೇ ಅದು ಎಡವುವುದು. ಎರಡೆರಡು ಒತ್ತು ಇರುವ ಕಡೆಯೂ ಅಷ್ಟೇ. ೞ, ಱಗಳನ್ನು ಡಿಟಿಪಿಯವರು ಹೇಗೆ ಹೊಡೆದಿದ್ದಾರೋ ನೋಡಬೇಕು.

ಅಂಗಡಿಯಿಂದ ಪಠ್ಯ ಬಂದ ದಿನ ನಾನೇ ನಿಮ್ಮ ಮನೆಗೆ ಬರುತ್ತೇನೆ. ಚಿಕ್ಕ ಲೇಖನ ಒಂದನ್ನು ಆರಿಸಿಡಿ, ಆ ವಡ್ಡಾರಾಧನೆಯ ಮೇಲಿನದು ಆಗಬಹುದು. ಅಚ್ಚಾದ ಪತ್ರಿಕೆ ಹಿಡಿದು ನೀವು ಗಟ್ಟಿಯಾಗಿ ಓದಿ, ನಾನು ಪರದೆಯ ಮೇಲೆ ನೋಡುತ್ತ ಹೋಗುತ್ತೇನೆ. ಅರ್ಕಾವತ್ತು ಬಂದಲ್ಲೆಲ್ಲ ಒಂದು ಗಳಿಗೆ ನಿಲ್ಲಿಸಿ.